ದೇಶ ಬದಲಿಸುವಾಗ ಯಾವುದು ಮೊದಲು, ಯಾವುದು ಆಮೇಲೆ

ಮೊದಲ ಸಲ ಬೇರೆ ದೇಶಕ್ಕೆ ಹೋಗಿ ಇಳಿದ ವಾರವೇ ಬ್ಯಾಂಕಿಗೆ ಹೋದೆ. ಖಾತೆ ಬೇಕು ಎಂದೆ. ವಿಳಾಸದ ಪುರಾವೆ ಕೊಡಿ ಎಂದರು. ಸರಿ, ಮನೆ ಹುಡುಕೋಣ ಎಂದು ಹೊರಟೆ. ಬಾಡಿಗೆ ಕಟ್ಟಲು ಇಲ್ಲಿನ ಬ್ಯಾಂಕ್ ಖಾತೆ ಇದೆಯಾ ಎಂದು ಮಾಲೀಕರು ಕೇಳಿದರು. ಕೆಲಸ ಕೊಟ್ಟವರಿಗೆ ತೆರಿಗೆ ಸಂಖ್ಯೆ ಬೇಕಿತ್ತು. ತೆರಿಗೆ ಸಂಖ್ಯೆಯ ಅರ್ಜಿ ತೆರೆದರೆ ಅದರಲ್ಲೂ ಮೊದಲು ಕೇಳಿದ್ದು ವಿಳಾಸವನ್ನೇ! ಮೂರು ವಾರ ಈ ಸುತ್ತಿನಲ್ಲೇ ಕಳೆಯಿತು.

ಯಾವ ಕಚೇರಿಯವರದ್ದೂ ತಪ್ಪಿರಲಿಲ್ಲ. ನಾನು ಹೋದ ಸರದಿಯೇ ತಪ್ಪಾಗಿತ್ತು. ದೇಶ ಬದಲಿಸುವ ಕೆಲಸದಲ್ಲಿ ಒಂದು ಕಾಗದದ ಬಾಲಕ್ಕೆ ಇನ್ನೊಂದು ಕಾಗದ ಕಟ್ಟಿರುತ್ತದೆ. ಮುಂದಿನದನ್ನು ಎಳೆಯುವ ಮೊದಲು ಹಿಂದಿನದು ಕೈಯಲ್ಲಿರಬೇಕು. ಹೆಚ್ಚಿನವರು ಸೂಟ್‌ಕೇಸ್ ತುಂಬುವುದರಿಂದ ಶುರು ಮಾಡುತ್ತಾರೆ. ನಾನಂತೂ ಅದನ್ನು ಕೊನೆಗೆ ಇಡುತ್ತೇನೆ.

ಆರು ತಿಂಗಳ ಮೊದಲು: ಕಾಗದಗಳು

ಮೊದಲು ಪಾಸ್‌ಪೋರ್ಟ್ ತೆಗೆದು ಅವಧಿ ನೋಡಿ. ಎಷ್ಟೋ ದೇಶಗಳು ನೀವು ಒಳಗೆ ಬರುವ ದಿನದಿಂದ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಒಂದೆರಡು ವರ್ಷದಲ್ಲಿ ಮುಗಿಯುವಂತಿದ್ದರೆ ಈಗಲೇ ಹೊಸದು ಮಾಡಿಸಿಕೊಳ್ಳುವುದು ಒಳ್ಳೆಯದು. ಎಷ್ಟೋ ಕಡೆ ವಾಸದ ಪರವಾನಗಿಯನ್ನು ಪಾಸ್‌ಪೋರ್ಟ್ ಅವಧಿಗಿಂತ ಮುಂದಕ್ಕೆ ಕೊಡುವುದಿಲ್ಲ. ಐದು ವರ್ಷದ ಕೆಲಸಕ್ಕೆ ಹೋದವರು ಎರಡು ವರ್ಷದ ಪರವಾನಗಿ ಹಿಡಿದು ಕೂರಬೇಕಾಗುತ್ತದೆ.

ವೀಸಾ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿಂದಲೇ ಕೆಲಸದ ವೀಸಾಕ್ಕೆ ಬದಲಿಸಿಕೊಳ್ಳೋಣ ಎಂಬ ಲೆಕ್ಕ ಬಹಳ ಕಡೆ ನಡೆಯುವುದಿಲ್ಲ. ಷೆಂಗೆನ್ ದೇಶಗಳಲ್ಲಿ, ಅಂದರೆ ಒಳಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪಿನಲ್ಲಿ, ಪ್ರವಾಸಿಗೆ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಬಿಡುತ್ತಾರೆ. ಇದನ್ನು ಇಡೀ ಪ್ರದೇಶಕ್ಕೆ ಒಟ್ಟಿಗೆ ಎಣಿಸುತ್ತಾರೆ. ಒಂದು ದೇಶದಿಂದ ಪಕ್ಕದ ದೇಶಕ್ಕೆ ಜಿಗಿದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ನಿಯಮ ಏನಿದೆ ಎಂದು ಆ ದೇಶದ ಸರ್ಕಾರದ ಜಾಲತಾಣದಲ್ಲೇ ಓದಿ. ಹೋಗಿಬಂದ ಗೆಳೆಯರ ಅನುಭವ ಮೂರು ವರ್ಷ ಹಳೆಯದಾಗಿದ್ದರೆ ಅದನ್ನು ಕಥೆಯಾಗಿ ಕೇಳಿ, ಅರ್ಜಿಯನ್ನು ಅದರ ಮೇಲೆ ತುಂಬಬೇಡಿ.

ಇನ್ನು ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪದವಿ, ಅಂಕಪಟ್ಟಿ, ಪೊಲೀಸರು ಕೊಡುವ ನಡತೆ ಪತ್ರ. ಇವುಗಳಿಗೆ ಅಪಾಸ್ಟಿಲ್ ಬೇಕಾಗಬಹುದು. ಅಪಾಸ್ಟಿಲ್ ಎಂದರೆ, ಈ ಕಾಗದದ ಮೇಲಿನ ಸಹಿ ಮತ್ತು ಮೊಹರು ನಿಜ ಎಂದು ನಿಮ್ಮ ಸರ್ಕಾರ ಕೊಡುವ ದೃಢೀಕರಣ. 1961ರ ಹೇಗ್ ಒಪ್ಪಂದದಿಂದ ಬಂದದ್ದು. ಈಗ 120ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಚೀನಾ 2023ರಲ್ಲಿ ಸೇರಿತು, ಕೆನಡಾ 2024ರಲ್ಲಿ. ಎರಡೂ ದೇಶಗಳು ಒಪ್ಪಂದದಲ್ಲಿದ್ದರೆ ಸಾಮಾನ್ಯವಾಗಿ ಒಂದೇ ಮೊಹರಿನಲ್ಲಿ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ನಿಮ್ಮ ವಿದೇಶಾಂಗ ಕಚೇರಿ, ಆಮೇಲೆ ಆ ದೇಶದ ರಾಯಭಾರ ಕಚೇರಿ ಎಂದು ಮೆಟ್ಟಿಲು ಹತ್ತಬೇಕು.

ಇಲ್ಲೂ ಸರದಿ ಇದೆ. ಮೊದಲು ಅಪಾಸ್ಟಿಲ್ ಹಾಕಿಸಿ, ಆಮೇಲೆ ಅನುವಾದ ಮಾಡಿಸಿ. ಉಲ್ಟಾ ಮಾಡಿದರೆ ಅನುವಾದದಲ್ಲಿ ಅಪಾಸ್ಟಿಲ್ ಇರುವುದಿಲ್ಲ, ಮತ್ತೆ ಮಾಡಿಸಿ ಎನ್ನುವವರು ಇದ್ದಾರೆ. ಇನ್ನೊಂದು ವಿಷಯ. ಕೆಲವು ದೇಶಗಳು ತಮ್ಮಲ್ಲಿ ನೋಂದಾಯಿಸಿಕೊಂಡ ಅನುವಾದಕರು ಮಾಡಿದ್ದನ್ನು ಮಾತ್ರ ಒಪ್ಪುತ್ತವೆ. ಹಾಗಿದ್ದರೆ ಇಲ್ಲಿ ದುಡ್ಡು ಕೊಟ್ಟು ಮಾಡಿಸಿದ್ದು ದಂಡ. ಕೇಳಿಕೊಂಡು ಮಾಡಿಸಿ. ನಡತೆ ಪತ್ರವನ್ನು ತೀರಾ ಬೇಗ ತೆಗೆಸಬೇಡಿ. ಅದು ಇಷ್ಟೇ ತಿಂಗಳು ಹಳೆಯದಿರಬೇಕು ಎಂಬ ನಿಯಮ ಬಹಳ ಕಡೆ ಇರುತ್ತದೆ.

ಹೆಸರಿನ ಫಜೀತಿ

ಇದನ್ನು ಬೇರೆಯಾಗಿ ಹೇಳಲೇಬೇಕು. ಪದವಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆ ಪತ್ರದಲ್ಲಿ ಇನ್ನೊಂದು ಕಾಗುಣಿತ. ನಮಗೆ ಇದೆಲ್ಲ ಒಬ್ಬರೇ ಎಂದು ಗೊತ್ತು. ಕೌಂಟರಿನ ಆಚೆ ಕುಳಿತವರಿಗೆ ಮೂವರು ಕಾಣುತ್ತಾರೆ.

ಹೊರಡುವ ಮೊದಲು ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ ಹೆಸರು, ಹುಟ್ಟಿದ ದಿನ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ತಿದ್ದಿಸಿ. ತಿದ್ದಿಸಲು ಆಗದಿದ್ದರೆ ಇವರೆಲ್ಲ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿ ಇದ್ದರಂತೂ ಇನ್ನೂ ಎಚ್ಚರ ಬೇಕು. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರಿನ ಮೊದಲ ಭಾಗಕ್ಕೆ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಚಿಕ್ಕ ರೂಪ ಅದು. ಆಮೇಲೆ ಬ್ಯಾಂಕಿನಿಂದ ಬರುವ ಕಾಗದವೂ ‘ಎಫ್‌ಎನ್‌ಯು’ ಅವರಿಗೇ ಬರುತ್ತದೆ. ನಗು ಬರುತ್ತದೆ ನಿಜ. ಸರಿ ಮಾಡಿಸಲು ಓಡಾಡುವಾಗ ನಗು ಬರುವುದಿಲ್ಲ.

ದಿನಾಂಕದ ವಿಷಯವೂ ಹೀಗೇ. 4/7 ಎಂದರೆ ಅಮೆರಿಕದಲ್ಲಿ ಏಪ್ರಿಲ್ 7, ಯುರೋಪಿನಲ್ಲಿ ಜುಲೈ 4. ಅರ್ಜಿಯಲ್ಲಿ ಜಾಗವಿದ್ದರೆ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಔಷಧಿ, ಲಸಿಕೆ

ದಿನಾ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಎರಡು ಸಲ ಓದಿ. ಒಂದು ದೇಶದ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಔಷಧಿ ಇನ್ನೊಂದು ದೇಶದಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿರಬಹುದು. ಗಮನ ಕೊರತೆಗೆ ಕೊಡುವ ಆಂಫೆಟಮಿನ್ ಇರುವ ಮಾತ್ರೆಗಳನ್ನು ಜಪಾನಿನೊಳಗೆ ತರುವಂತೆಯೇ ಇಲ್ಲ, ವೈದ್ಯರ ಚೀಟಿ ಇದ್ದರೂ ಇಲ್ಲ. ಕೋಡೀನ್, ಟ್ರಮಡಾಲ್ ಇರುವ ಔಷಧಿಗಳನ್ನು ಸಂಯುಕ್ತ ಅರಬ್ ಸಂಸ್ಥಾನಕ್ಕೆ ಒಯ್ಯಲು ಮೊದಲೇ ಅನುಮತಿ ಪಡೆಯಬೇಕು. ಸುಮ್ನೆ ಕೆಮ್ಮಿನ ಸಿರಪ್ ಅಲ್ವಾ ಎಂದು ಬ್ಯಾಗಿಗೆ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲೇ ಕಷ್ಟ ಶುರುವಾಗುತ್ತದೆ.

ವೈದ್ಯರಿಂದ ಪತ್ರ ಬರೆಸಿಕೊಳ್ಳುವಾಗ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರು ಮತ್ತು ಪ್ರಮಾಣವನ್ನೂ ಬರೆಸಿ. ಬ್ರ್ಯಾಂಡ್‌ಗಳು ಗಡಿ ದಾಟಿದರೆ ಬದಲಾಗುತ್ತವೆ. ಮೂಲ ಹೆಸರೂ ಕೆಲವೊಮ್ಮೆ ಬದಲಾಗುತ್ತದೆ. ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್. ಉಬ್ಬಸಕ್ಕೆ ಬಳಸುವ ಸಾಲ್ಬ್ಯುಟಮಾಲ್ ಅಲ್ಲಿ ಆಲ್ಬ್ಯುಟರಾಲ್. ಮಾತ್ರೆಗಳು ಅಂಗಡಿಯ ಪೊಟ್ಟಣದಲ್ಲೇ ಇರಲಿ, ಡಬ್ಬಿಗೆ ಸುರಿದು ಒಯ್ಯಬೇಡಿ. ಕೈಚೀಲದಲ್ಲಿಟ್ಟುಕೊಳ್ಳಿ.

ಹಳದಿ ಜ್ವರ ಇರುವ ದೇಶಗಳ ಕಡೆ ಹೋಗುವವರು, ಅಲ್ಲಿಂದ ಬರುವವರು ಲಸಿಕೆ ಕಾರ್ಡ್ ತೋರಿಸಬೇಕಾಗಬಹುದು. ಚುಚ್ಚಿಸಿಕೊಂಡು 10 ದಿನ ಆದ ಮೇಲೆ ಅದಕ್ಕೆ ಮಾನ್ಯತೆ. 2016ರಿಂದ ಅದು ಜೀವಮಾನಕ್ಕೆ ಒಂದೇ ಸಲ ಸಾಕು. ಮಕ್ಕಳಿದ್ದರೆ ಅವರ ಪೂರ್ತಿ ಲಸಿಕೆ ದಾಖಲೆ ಬೇಕೇಬೇಕು. ಹಲವು ದೇಶಗಳಲ್ಲಿ ಅದಿಲ್ಲದೆ ಶಾಲೆಗೆ ಸೇರಿಸಿಕೊಳ್ಳಲು ತಕರಾರು ಮಾಡುತ್ತಾರೆ.

ಹಲ್ಲು ಮತ್ತು ಕಣ್ಣು ತೋರಿಸಿಕೊಂಡು ಹೊರಡಿ. ಆರೋಗ್ಯ ವಿಮೆ ಇದ್ದರೂ ಎಷ್ಟೋ ದೇಶಗಳಲ್ಲಿ ಇವೆರಡು ಅದರೊಳಗೆ ಬರುವುದಿಲ್ಲ. ಇನ್ನು ಸರ್ಕಾರಿ ವಿಮೆ ಇಳಿದ ದಿನವೇ ಶುರುವಾಗುತ್ತದೆ ಎಂದುಕೊಳ್ಳಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳು ಮುಗಿದು ಇನ್ನೆರಡು ತಿಂಗಳು ಕಾಯಬೇಕು. ಆ ನಡುವಿನ ದಿನಗಳಿಗೆ ಖಾಸಗಿ ವಿಮೆ ಮಾಡಿಸಿ. ದುಡ್ಡು ದಂಡ ಅನ್ನಿಸುತ್ತದೆ. ಒಂದು ರಾತ್ರಿ ಆಸ್ಪತ್ರೆಯ ಬಿಲ್ ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ.

ನಾಯಿ ಬೆಕ್ಕು ಇದ್ದರೆ

ಸರದಿ ತಪ್ಪಿದರೆ ಏನಾಗುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಲಸಿಕೆ ಮೊದಲು ಹಾಕಿಸಿ ಚಿಪ್ ಆಮೇಲೆ ಹಾಕಿಸಿದರೆ ಯುರೋಪಿಯನ್ ಒಕ್ಕೂಟದಲ್ಲಿ ಆ ಲಸಿಕೆ ಲೆಕ್ಕಕ್ಕಿಲ್ಲ. ಯಾವ ಪ್ರಾಣಿಗೆ ಹಾಕಿದ್ದು ಎಂದು ಹೇಳುವ ಗುರುತೇ ಆಗ ಇರಲಿಲ್ಲವಲ್ಲ!

ರೇಬೀಸ್ ಅಪಾಯ ಜಾಸ್ತಿ ಇರುವ ದೇಶದಿಂದ ಹೋಗುವುದಾದರೆ ಲಸಿಕೆಯಾಗಿ 30 ದಿನದ ನಂತರ ರಕ್ತ ಪರೀಕ್ಷೆ. ಅದರಲ್ಲಿ ಪ್ರತಿಕಾಯದ ಮಟ್ಟ ಪ್ರತಿ ಮಿಲಿಲೀಟರ್‌ಗೆ 0.5 ಅಂತರರಾಷ್ಟ್ರೀಯ ಯೂನಿಟ್ ಆದರೂ ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಜಪಾನಿಗೆ ಹೋಗುವುದಾದರೆ 180 ದಿನ. ಅಂದರೆ ನಿಮ್ಮ ವೀಸಾ ಬಂದ ಮೇಲೆ ನಾಯಿಯ ಕೆಲಸ ಶುರು ಮಾಡಿದರೆ, ನೀವು ಹೋಗಿ ಅರ್ಧ ವರ್ಷದ ಮೇಲೆ ಅದು ಬರುತ್ತದೆ.

ದುಡ್ಡು ಮತ್ತು ತೆರಿಗೆ

ಕನಿಷ್ಠ ಮೂರು ತಿಂಗಳ ಖರ್ಚು ಕೈಯಲ್ಲಿರಲಿ. ಮೊದಲ ಸಂಬಳ ಬರುವುದು ತಡವಾಗುತ್ತದೆ, ಮನೆಯ ಡಿಪಾಸಿಟ್ ಮೊದಲೇ ಹೋಗುತ್ತದೆ. ಪೂರ್ತಿ ನಗದಾಗಿ ಒಯ್ಯಬೇಡಿ. ಯುರೋಪಿಯನ್ ಒಕ್ಕೂಟಕ್ಕೆ 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚು, ಅಮೆರಿಕಕ್ಕೆ 10,000 ಡಾಲರ್‌ಗಿಂತ ಹೆಚ್ಚು ಒಯ್ದರೆ ಕಸ್ಟಮ್ಸ್‌ನವರಿಗೆ ಬರೆದುಕೊಡಬೇಕು. ಒಯ್ಯುವುದು ತಪ್ಪಲ್ಲ, ಹೇಳದಿರುವುದು ತಪ್ಪು. ನಿಮ್ಮ ದೇಶದಿಂದ ಎಷ್ಟು ಹೊರಗೆ ಒಯ್ಯಬಹುದು ಎಂಬ ಮಿತಿ ಬೇರೆಯೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಹಣ ಕಳಿಸುವಾಗ ‘ಶುಲ್ಕ ಇಲ್ಲ’ ಎಂಬ ಮಾತಿಗೆ ಮರುಳಾಗಬೇಡಿ. ಶುಲ್ಕ ವಿನಿಮಯ ದರದೊಳಗೆ ಅಡಗಿರುತ್ತದೆ. ನೋಡುವುದು ಸುಲಭ. ಇಲ್ಲಿಂದ ಇಷ್ಟು ಹೋದರೆ ಅಲ್ಲಿ ಕೈಗೆ ಎಷ್ಟು ಬರುತ್ತದೆ ಎಂದು ಎರಡು ಮೂರು ಕಡೆ ಕೇಳಿ, ಜಾಸ್ತಿ ಯಾರು ಹೇಳುತ್ತಾರೋ ಅವರ ಮೂಲಕ ಕಳಿಸಿ. ಖಾತೆ ವಿವರದಲ್ಲಿ ಕೆಲವು ದೇಶಗಳು ಐಬಾನ್ ಎಂಬ ಉದ್ದನೆಯ ಸಂಖ್ಯೆ ಕೇಳುತ್ತವೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಬ್ಯಾಂಕ್‌ಗಳಲ್ಲಿ ಅದು ಇಲ್ಲ. ‘ನನ್ನ ಐಬಾನ್ ಎಲ್ಲಿ’ ಎಂದು ಅಲ್ಲಿ ಹುಡುಕಬೇಡಿ.

ತೆರಿಗೆಯ ಬಗ್ಗೆ ಎಲ್ಲರ ಬಾಯಲ್ಲೂ 183 ದಿನ ಎಂಬ ಸಂಖ್ಯೆ ಇದೆ. ವರ್ಷದಲ್ಲಿ ಅಷ್ಟು ದಿನ ಇದ್ದರೆ ಅಲ್ಲಿನ ತೆರಿಗೆ ನಿವಾಸಿ ಎಂಬುದು ಬಹಳ ದೇಶಗಳ ನಿಯಮ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಮನೆ, ಕುಟುಂಬ, ಕೆಲಸ ಎಲ್ಲಿದೆ ಎಂದು ನೋಡಿ, ಅದಕ್ಕಿಂತ ಕಡಿಮೆ ದಿನ ಇದ್ದವರನ್ನೂ ನಿವಾಸಿ ಎಂದು ಹಿಡಿಯುವ ದೇಶಗಳಿವೆ. ಬ್ರಿಟನ್ ಅವುಗಳಲ್ಲಿ ಒಂದು. ಅಮೆರಿಕವಂತೂ ತನ್ನ ಪ್ರಜೆಗಳು ಯಾವ ಮೂಲೆಯಲ್ಲಿದ್ದರೂ ಲೆಕ್ಕ ಕೊಡಿ ಎನ್ನುತ್ತದೆ. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ದೇಶ ದೇಶಗಳ ನಡುವೆ 3,000ಕ್ಕೂ ಹೆಚ್ಚು ಒಪ್ಪಂದಗಳಿವೆ. ಆದರೆ ಅದರ ಲಾಭ ತಾನಾಗಿ ಬರುವುದಿಲ್ಲ. ನೀವು ಕೇಳಬೇಕು, ತೆರಿಗೆ ನಿವಾಸದ ಪ್ರಮಾಣಪತ್ರ ಕೊಡಬೇಕು. ಹೊರಡುವ ವರ್ಷ ಮತ್ತು ಬಂದ ವರ್ಷ ಈ ಎರಡಕ್ಕೆ ಮಾತ್ರ ಒಬ್ಬ ತೆರಿಗೆ ಸಲಹೆಗಾರರಿಗೆ ದುಡ್ಡು ಕೊಡಿ. ಆಮೇಲೆ ನೀವೇ ಮಾಡಿಕೊಳ್ಳಬಹುದು.

ಹೊರಡುವ ತಿಂಗಳು

ಹಳೆಯ ಸಿಮ್ ಸಾಯಲು ಬಿಡಬೇಡಿ. ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಹೊಸ ಊರಿಗೆ ಹೋದ ಖುಷಿಯಲ್ಲಿ ಹಳೆಯ ನಂಬರ್ ರೀಚಾರ್ಜ್ ಮಾಡಲಿಲ್ಲ. ಅದು ಬಂದ್ ಆಯಿತು. ಬ್ಯಾಂಕಿಗೆ ಲಾಗಿನ್ ಆಗಲು ಓಟಿಪಿ ಆ ನಂಬರಿಗೇ ಹೋಗುತ್ತಿತ್ತು. ನಂಬರ್ ಬದಲಿಸಲು ಓಟಿಪಿ ಬೇಕು! ಕೊನೆಗೆ ಖುದ್ದು ಹೋಗಿಯೇ ಸರಿ ಮಾಡಿಸಬೇಕಾಯಿತು. ಹೊರಡುವ ಮೊದಲೇ ಬ್ಯಾಂಕ್, ಇಮೇಲ್, ಸರ್ಕಾರಿ ಖಾತೆಗಳಲ್ಲಿ ಯಾವುದಕ್ಕೆ ಓಟಿಪಿ ಎಲ್ಲಿಗೆ ಹೋಗುತ್ತದೆ ಎಂದು ಪಟ್ಟಿ ಮಾಡಿ. ದೃಢೀಕರಣ ಆ್ಯಪ್‌ಗೆ ಬದಲಿಸಲು ಆಗುವುದನ್ನು ಬದಲಿಸಿ. ಉಳಿದವಕ್ಕಾಗಿ ನಂಬರನ್ನು ಅತಿ ಕಡಿಮೆ ದರದ ಪ್ಲಾನಿನಲ್ಲಿ ಜೀವಂತ ಇಡಿ.

ಫೋನ್ ಒಂದೇ ಕಂಪನಿಗೆ ಲಾಕ್ ಆಗಿದ್ದರೆ ಬಿಡಿಸಿಕೊಳ್ಳಿ. ಟರ್ಕಿಯಂಥ ದೇಶದಲ್ಲಿ ಹೊರಗಿನಿಂದ ತಂದ ಫೋನನ್ನು ನೋಂದಾಯಿಸದಿದ್ದರೆ 120 ದಿನದ ಮೇಲೆ ಅಲ್ಲಿನ ಸಿಮ್ ಅದರಲ್ಲಿ ಕೆಲಸ ಮಾಡುವುದಿಲ್ಲ.

ನೀವಿಲ್ಲದಾಗ ಸಹಿ ಮಾಡಲು, ಆಸ್ತಿ ನೋಡಿಕೊಳ್ಳಲು ನಂಬಿಕೆಯ ಒಬ್ಬರಿಗೆ ಅಧಿಕಾರ ಪತ್ರ ಬರೆದುಕೊಡಿ. ಯಾವ ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂದು ಸ್ಪಷ್ಟವಾಗಿ ಬರೆಸಿ. ಹೊರಗಿನಿಂದ ಮಾಡಿಸುವುದಾದರೆ ರಾಯಭಾರ ಕಚೇರಿಯಲ್ಲಿ ದಿನ ಗೊತ್ತುಮಾಡಿಕೊಂಡು ಹೋಗಿ ನಿಲ್ಲಬೇಕು.

ಮುಖ್ಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಒರಿಜಿನಲ್‌ಗಳು ಕೈಚೀಲದಲ್ಲೇ. ಅದು ಎಷ್ಟು ಭಾರವಾದರೂ ಸರಿ.

ಈಗ ಸೂಟ್‌ಕೇಸ್

ಬೇಗ ಮುಗಿಸುತ್ತೇನೆ. ಮೋಟರ್ ಇರುವುದು, ಕಾಯಿಸುವುದು ಇವನ್ನು ಒಯ್ಯುವ ಮೊದಲು ಅವುಗಳ ಹಿಂಬದಿಯ ಚೀಟಿ ಓದಿ. ‘100–240 ವೋಲ್ಟ್’ ಎಂದಿದ್ದರೆ ಪ್ಲಗ್ ಅಡಾಪ್ಟರ್ ಸಾಕು. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ ಹೀಗಿರುತ್ತವೆ. ‘230 ವೋಲ್ಟ್’ ಎಂದಷ್ಟೇ ಇದ್ದರೆ 120 ವೋಲ್ಟಿನ ಅಮೆರಿಕದಲ್ಲೋ 100 ವೋಲ್ಟಿನ ಜಪಾನಿನಲ್ಲೋ ಅದು ಸರಿಯಾಗಿ ನಡೆಯುವುದಿಲ್ಲ. 120 ವೋಲ್ಟಿನದನ್ನು 230ಕ್ಕೆ ಚುಚ್ಚಿದರೆ ಹೊಗೆ ಬರುತ್ತದೆ.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್ ಅವರ್, ಅಂದರೆ ಸುಮಾರು 27,000 ಎಂಎಎಚ್. ಮಣ್ಣು ಮೆತ್ತಿದ ಶೂ, ಬೀಜ, ಮರದ ಸಾಮಾನು ಇವನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಒಯ್ಯುವಾಗ ಪ್ರಯಾಣಿಕರ ಘೋಷಣೆಯಲ್ಲಿ ಬರೆದು ತೋರಿಸಲೇಬೇಕು.

ಮನೆ ಸಾಮಾನು ಹಡಗಿನಲ್ಲಿ ಕಳಿಸುವವರು ಪೆಟ್ಟಿಗೆವಾರು ಪಟ್ಟಿ ಮಾಡಿ. ಯುರೋಪಿಯನ್ ಒಕ್ಕೂಟಕ್ಕೆ ವಾಸ ಬದಲಿಸುವವರಿಗೆ ಸುಂಕ ವಿನಾಯಿತಿ ಇದೆ. ಹೊರಗೆ 12 ತಿಂಗಳಾದರೂ ಇದ್ದಿರಬೇಕು, ಸಾಮಾನು ಆರು ತಿಂಗಳಾದರೂ ಬಳಸಿದ್ದಾಗಿರಬೇಕು. ಅಲ್ಲಿ ಒಳ್ಳೆಯದು ಸಿಗುತ್ತದೋ ಇಲ್ಲವೋ ಎಂದು ಹೊರಡುವ ಮುಂಚೆ ಹೊಸ ಟೀವಿ ಕೊಂಡರೆ ಆ ವಿನಾಯಿತಿ ಅದಕ್ಕಿಲ್ಲ.

ಬ್ಯಾಗ್ ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ, ಅದರ ಪ್ರತಿ ತೆಗೆದುಕೊಳ್ಳಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಬಂದ 21 ದಿನದೊಳಗೆ ಲಿಖಿತ ದೂರು ಹೋಗಿರಬೇಕು.

ಇಳಿದ ಮೇಲೆ: ಗಂಟು ಬಿಡಿಸುವ ಕ್ರಮ

ಹಾಗಾದರೆ ವಿಳಾಸ, ಬ್ಯಾಂಕ್, ತೆರಿಗೆ ಸಂಖ್ಯೆಯ ಗಂಟನ್ನು ಎಲ್ಲಿಂದ ಬಿಡಿಸುವುದು? ನನ್ನ ಉತ್ತರ: ವಿಳಾಸದಿಂದ. ಎರಡನೇ ಸಲ ದೇಶ ಬದಲಿಸಿದಾಗ ಇದನ್ನೇ ಮಾಡಿದೆ, ಹತ್ತು ದಿನದಲ್ಲಿ ಮುಗಿಯಿತು.

ಮೊದಲ ಒಂದೆರಡು ತಿಂಗಳಿಗೆ ತಾತ್ಕಾಲಿಕ ಮನೆ ಹಿಡಿಯಿರಿ. ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಈ ವಿಳಾಸದಲ್ಲಿ ನಾನು ನೋಂದಾಯಿಸಿಕೊಳ್ಳಬಹುದಾ?’ ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ತಾತ್ಕಾಲಿಕ ಮನೆಯ ಎಷ್ಟೋ ಮಾಲೀಕರು ಅದನ್ನು ಕೊಡುವುದಿಲ್ಲ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಕೊಡುವವರ ಮನೆಯನ್ನೇ ಹಿಡಿಯಿರಿ. ಆ ಒಂದು ಕಾಗದ ಬಂದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ತಾನಾಗಿಯೇ ಮನೆಗೆ ಬರುತ್ತದೆ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿರಬೇಕು, ಇಲ್ಲದಿದ್ದರೆ ವಾಪಸ್ ಹೋಗುತ್ತದೆ. ಜಪಾನಿನಲ್ಲೂ ಮನೆ ಸಿಕ್ಕ 14 ದಿನದೊಳಗೆ ನಗರ ಕಚೇರಿಗೆ ಹೋಗಿ ಹೇಳಬೇಕು. ವಿಮಾನ ನಿಲ್ದಾಣದಲ್ಲಿ ಕೊಟ್ಟ ನಿವಾಸಿ ಕಾರ್ಡಿನ ಹಿಂದೆ ವಿಳಾಸ ಬರೆದುಕೊಡುತ್ತಾರೆ. ಬ್ರಿಟನ್‌ನಂಥ ಕಡೆ ಇಂಥ ನೋಂದಣಿ ಇಲ್ಲ. ಅಲ್ಲಿ ಬಾಡಿಗೆ ಕರಾರು, ಕರೆಂಟ್ ಬಿಲ್, ಸ್ಥಳೀಯ ತೆರಿಗೆಯ ಬಿಲ್ ಇವೇ ಪುರಾವೆ. ಬಿಲ್‌ಗಳಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಒಬ್ಬರು ವರ್ಷಗಟ್ಟಲೆ ಆ ಮನೆಯಲ್ಲಿದ್ದೂ ಕಾಗದದ ಮೇಲೆ ಇಲ್ಲದವರಾಗುತ್ತಾರೆ.

ಎರಡನೆಯದು ಗುರುತಿನ ಅಥವಾ ತೆರಿಗೆ ಸಂಖ್ಯೆ. ಹೆಸರು ದೇಶಕ್ಕೊಂದು, ಕೆಲಸ ಒಂದೇ. ಮೂರನೆಯದು ಬ್ಯಾಂಕ್. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವ ಯಾರಿಗೇ ಆದರೂ ಮೂಲ ಪಾವತಿ ಖಾತೆ ಪಡೆಯುವ ಹಕ್ಕು 2014ರ ಪಾವತಿ ಖಾತೆಗಳ ನಿರ್ದೇಶನದಿಂದ ಇದೆ. ಕೌಂಟರಿನಲ್ಲಿ ಆಗಲ್ಲ ಎಂದರೆ ಅದರ ಹೆಸರೆತ್ತಿ ಕೇಳಿ. ಆನಂತರ ಸಂಬಳ, ವಿಮೆ, ಫೋನ್ ಒಪ್ಪಂದ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ.

ಒಂದು ಸಂಗತಿ ಬಹಳ ಜನರಿಗೆ ಬೇಸರ ತರುತ್ತದೆ. ನಿಮ್ಮ ಹಳೆಯ ದೇಶದ ಸಾಲದ ಇತಿಹಾಸ ಸಾಮಾನ್ಯವಾಗಿ ಗಡಿ ದಾಟುವುದಿಲ್ಲ. ಇಪ್ಪತ್ತು ವರ್ಷ ಒಂದು ಕಂತೂ ತಪ್ಪಿಸದವರು ಕೂಡ ಹೊಸ ದೇಶದಲ್ಲಿ ಸೊನ್ನೆಯಿಂದ ಶುರು ಮಾಡಬೇಕು. ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನು ತೆಗೆದುಕೊಂಡು, ಸಣ್ಣ ಖರ್ಚಿಗೆ ಬಳಸಿ, ತಿಂಗಳಿಗೆ ಸರಿಯಾಗಿ ಪೂರ್ತಿ ಕಟ್ಟಿ.

ಮನೆ

ನೋಡದ ಮನೆಗೆ ದುಡ್ಡು ಕಳಿಸಬೇಡಿ. ಮಾಲೀಕರು ಈಗ ಬೇರೆ ದೇಶದಲ್ಲಿದ್ದಾರೆ, ಡಿಪಾಸಿಟ್ ಹಾಕಿದರೆ ಕೀಲಿಯನ್ನು ಕೊರಿಯರ್ ಮಾಡುತ್ತಾರೆ. ಈ ಕಥೆ ಎಲ್ಲ ದೇಶದಲ್ಲೂ ಒಂದೇ. ಬಾಡಿಗೆ ಸುತ್ತಲಿನದಕ್ಕಿಂತ ತೀರಾ ಕಡಿಮೆ ಇದ್ದರೆ, ಫೋಟೋಗಳು ಹೋಟೆಲ್ಲಿನಂತೆ ಹೊಳೆಯುತ್ತಿದ್ದರೆ, ಇವತ್ತೇ ಹಾಕಿ ಎಂದು ಆತುರ ಮಾಡಿದರೆ ಬಿಟ್ಟುಬಿಡಿ. ನೀವು ಹೋಗಲಾಗದಿದ್ದರೆ ಅಲ್ಲಿರುವ ಒಬ್ಬರನ್ನು ಕಳಿಸಿ ನೋಡಿಸಿ.

ಡಿಪಾಸಿಟ್‌ಗೆ ಕಾನೂನಿನ ಮಿತಿ ಇದೆಯೇ ಎಂದು ತಿಳಿದುಕೊಳ್ಳಿ. ಜರ್ಮನಿಯಲ್ಲಿ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಗಳಿಗೆ ಐದು ವಾರದ ಬಾಡಿಗೆ. ಮಾಲೀಕರು ಅದನ್ನು 30 ದಿನದೊಳಗೆ ಸರ್ಕಾರ ಮಾನ್ಯ ಮಾಡಿದ ರಕ್ಷಣಾ ಯೋಜನೆಯಲ್ಲಿ ಇಡಬೇಕು.

ಮನೆಗೆ ಕಾಲಿಟ್ಟ ದಿನ, ಒಂದು ಪೆಟ್ಟಿಗೆಯನ್ನೂ ಬಿಚ್ಚುವ ಮೊದಲು, ಗೋಡೆ, ನಲ್ಲಿ, ಕಿಟಕಿ, ಒಲೆ ಎಲ್ಲದರ ವಿಡಿಯೋ ಮಾಡಿ ಮಾಲೀಕರಿಗೆ ಇಮೇಲ್ ಮಾಡಿ. ನನ್ನ ಮೊದಲ ಮನೆಯಲ್ಲಿ ಸ್ನಾನದ ಮನೆಯ ಒಡೆದ ಹಂಚಿಗೆ ನನ್ನ ಡಿಪಾಸಿಟ್‌ನಿಂದ ಕಡಿದುಕೊಂಡರು. ಅದು ನಾನು ಬರುವ ಮೊದಲೇ ಒಡೆದಿತ್ತು. ನನ್ನ ಮಾತು ಬಿಟ್ಟರೆ ನನ್ನ ಬಳಿ ಏನೂ ಇರಲಿಲ್ಲ.

ಗಾಡಿ, ತುರ್ತು ಕರೆ, ಪೊಲೀಸರು

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಮೂಲ ಪರವಾನಗಿ ಕೊಟ್ಟ ದೇಶದಲ್ಲೇ ಮಾಡಿಸಬೇಕು. ಹೋದ ಮೇಲೆ ಮಾಡಿಸುವುದು ಕಷ್ಟ. ಇದರಲ್ಲಿ ಎರಡು ಬಗೆ ಇವೆ. 1949ರ ಜಿನೀವಾ ಒಪ್ಪಂದದ್ದು ಒಂದು, 1968ರ ವಿಯೆನ್ನಾ ಒಪ್ಪಂದದ್ದು ಇನ್ನೊಂದು. ಜಪಾನ್ ಮೊದಲನೆಯದನ್ನು ಮಾತ್ರ ಒಪ್ಪುತ್ತದೆ. ಅದರ ಅವಧಿ ಒಂದು ವರ್ಷ. ಅಲ್ಲೇ ನೆಲೆಸಿದ ಮೇಲೆ ಸ್ಥಳೀಯ ಪರವಾನಗಿ ಬೇಕು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರಿಗೆ ಜರ್ಮನಿಯಲ್ಲಿ ಆರು ತಿಂಗಳು, ಬ್ರಿಟನ್‌ನಲ್ಲಿ 12 ತಿಂಗಳು ಕಾಲಾವಕಾಶ.

ಮೊದಲ ದಿನವೇ ತುರ್ತು ಸಂಖ್ಯೆ ಮನೆಯವರಿಗೆಲ್ಲ ಬಾಯಿಪಾಠ ಆಗಲಿ. ಯುರೋಪಿಯನ್ ಒಕ್ಕೂಟದಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್‌ನಲ್ಲಿ 999, ಆಸ್ಟ್ರೇಲಿಯಾದಲ್ಲಿ 000. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119. ನಿಮ್ಮ ವಿಳಾಸವನ್ನು ಅಲ್ಲಿನ ಭಾಷೆಯಲ್ಲಿ ಹೇಳುವುದನ್ನೂ ಕಲಿಯಿರಿ. ಗಾಬರಿಯಲ್ಲಿ ಬೀದಿಯ ಹೆಸರು ನಾಲಿಗೆಗೆ ಬರುವುದಿಲ್ಲ.

ಯಾವುದೋ ಕಾರಣಕ್ಕೆ ಪೊಲೀಸರು ಹಿಡಿದರೆ ನಿಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಅದು. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ದುಭಾಷಿ ಬೇಕು ಎನ್ನಿ.

ಮೂರನೇ ತಿಂಗಳು

ಕಾಗದವೆಲ್ಲ ಮುಗಿದ ಮೇಲೆ ಬರುವ ಸಮಸ್ಯೆ ಇದು. ಓಡಾಟದಲ್ಲಿದ್ದಷ್ಟು ದಿನ ಮನಸ್ಸು ಸುಮ್ಮನಿರುತ್ತದೆ. ಒಂದು ದಿನ ಅಂಗಡಿಯಲ್ಲಿ ಉಪ್ಪಿನ ಪೊಟ್ಟಣ ಯಾವುದು ಎಂದು ಗೊತ್ತಾಗದೆ ನಿಂತಾಗ ಅಳು ಬಂದುಬಿಡುತ್ತದೆ. ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ 1960ರಲ್ಲೇ ಇದರ ಹಂತಗಳನ್ನು ಬರೆದಿಟ್ಟಿದ್ದಾರೆ. ಮೊದಲು ಎಲ್ಲ ಚಂದ, ಆಮೇಲೆ ಎಲ್ಲದರ ಮೇಲೂ ಸಿಟ್ಟು, ನಿಧಾನವಾಗಿ ಚೇತರಿಕೆ, ಕೊನೆಗೆ ಹೊಂದಿಕೆ. ಎಲ್ಲರಿಗೂ ಇದೇ ಸಾಲಿನಲ್ಲಿ ಬರುತ್ತದೆ ಎಂದು ನಾನು ಹೇಳಲಾರೆ. ಆದರೆ ಆ ಸಿಟ್ಟಿನ ಹಂತದಲ್ಲಿ ವಾಪಸ್ ಹೋಗುವ ಟಿಕೆಟ್ ತೆಗೆಯಬೇಡಿ. ಎರಡು ತಿಂಗಳು ಬಿಟ್ಟು ಯೋಚಿಸಿ.

ನನಗೆ ಕೆಲಸಕ್ಕೆ ಬಂದದ್ದು ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು, ಅದೇ ಜನ. ಭಾಷಾ ತರಗತಿಯೋ ಆಟವೋ ಗ್ರಂಥಾಲಯವೋ ಏನಾದರೂ ಸರಿ. ಮೊದಲ ನಾಲ್ಕು ವಾರ ಯಾರೂ ಮಾತಾಡಿಸಲಿಲ್ಲ. ಐದನೇ ವಾರ ಹೋಗದಿದ್ದಾಗ, ಆರನೇ ವಾರ ಒಬ್ಬರು ‘ಯಾಕೆ ಬಂದಿರಲಿಲ್ಲ’ ಎಂದು ಕೇಳಿದರು.

ನಿಮ್ಮ ಜೊತೆ ಬಂದ ಸಂಗಾತಿಯ ಬಗ್ಗೆಯೂ ಯೋಚಿಸಿ. ಕೆಲಸಕ್ಕೆ ಹೋಗುವವರಿಗೆ ಹೋದ ದಿನವೇ ಜನ ಸಿಗುತ್ತಾರೆ. ಮನೆಯಲ್ಲಿ ಉಳಿದವರಿಗೆ ಇಡೀ ದಿನ ಗೋಡೆ. ಅವರ ವೀಸಾದಲ್ಲಿ ಕೆಲಸ ಮಾಡಲು ಅವಕಾಶ ಇದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಬೇಕಿತ್ತು. ಆದ್ದರಿಂದ ಆರು ತಿಂಗಳ ಮೊದಲಿನ ಪಟ್ಟಿಗೆ ಹೋಗಿ ಅದನ್ನೂ ಸೇರಿಸಿಕೊಳ್ಳಿ.

ಒಂದು ಸಣ್ಣ ಪುಸ್ತಕ

ವಾಸದ ಪರವಾನಗಿ ಮುಗಿಯುವ ದಿನವನ್ನು ಫೋನಿನಲ್ಲಿ ಹಾಕಿ, ಅದಕ್ಕೆ ನಾಲ್ಕು ತಿಂಗಳ ಮೊದಲು ಒಂದು ನೆನಪಿನ ಗಂಟೆ ಇಡಿ. ಎಷ್ಟೋ ಕಡೆ ನವೀಕರಣಕ್ಕೆ ಕಚೇರಿಯಲ್ಲಿ ಸಮಯ ಸಿಗುವುದೇ ತಿಂಗಳುಗಟ್ಟಲೆ ಆದ ಮೇಲೆ.

ಇನ್ನೊಂದು, ದೇಶದಿಂದ ಹೊರಗೆ ಹೋದ ದಿನ ಮತ್ತು ವಾಪಸ್ ಬಂದ ದಿನ ಎರಡನ್ನೂ ಬರೆದಿಡಿ. ಮುಂದೆ ಕಾಯಂ ವಾಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕುವಾಗ ಇದನ್ನೇ ಕೇಳುತ್ತಾರೆ. ಕೆನಡಾದ ಪೌರತ್ವಕ್ಕೆ ಐದು ವರ್ಷದಲ್ಲಿ 1,095 ದಿನ ಅಲ್ಲೇ ಇದ್ದಿರಬೇಕು. ಬ್ರಿಟನ್‌ನಲ್ಲಿ ಕೆಲಸದ ವೀಸಾದಿಂದ ಕಾಯಂ ವಾಸಕ್ಕೆ ಹೋಗುವವರು ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಹೊರಗಿದ್ದಿರಬಾರದು. ಪಾಸ್‌ಪೋರ್ಟಿನ ಮೊಹರು ನೋಡಿ ಲೆಕ್ಕ ಹಾಕೋಣ ಎನ್ನಬೇಡಿ. ಈಗ ಎಷ್ಟೋ ಕಡೆ ಮೊಹರು ಹಾಕುವುದನ್ನೇ ನಿಲ್ಲಿಸಿದ್ದಾರೆ. ನನ್ನ ಪುಸ್ತಕ ಅಂಗೈಯಷ್ಟಿದೆ, ಪಾಸ್‌ಪೋರ್ಟಿನ ಜೊತೆಗೇ ಇರುತ್ತದೆ. ಮೊದಲ ಸಾಲಿನಲ್ಲಿ ಬಂದಿಳಿದ ದಿನಾಂಕ ಇದೆ, ತಿಂಗಳನ್ನು ಅಕ್ಷರದಲ್ಲಿ ಬರೆದಿದ್ದೇನೆ.